ಉಂಡು ಮಲಗಿದರೂ ಮುಗಿಯದ ಜಗಳ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಉಣ್ಣಲು ಕುಳಿತವಳ ತಟ್ಟೆಯನ್ನೇ ಒದ್ದು, ನಡುರಾತ್ರಿಯಲ್ಲಿ ಅವಳನ್ನು ಹೊರದೂಡಿ ಅಗಣಿ ಹಾಕಿಕೊಳ್ಳುವ ಮನೆಗಳಿಗೆ ಅದು ಸಲ್ಲದೆಂಬುದಂತೂ ನಿಶ್ಚಯ. ಅಂತಹ ಮನೆಗಳು ವಿರಳವೂ ಅಲ್ಲ. 2019ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ವಿಚಾರಿಸಿದಾಗ, ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44 ಮಂದಿ ಪತಿಯ ಹಿಂಸೆಗೆ ಒಳಗಾದವರೆಂದು ತಿಳಿದುಬಂದಿತು.

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳು — ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ — ಮಳೆಯನ್ನೇ ನಂಬಿದ ಕಡಲೆಕಾಯಿಯ ಸೀಮೆ. ಬೆಳೆ ಕೈಕೊಟ್ಟರೆ ಸಾಲ, ಸಾಲದ ಬೆನ್ನಿಗೆ ಹೆಂಡ, ಹೆಂಡದ ಬೆನ್ನಿಗೆ ಹೊಡೆತವೆಂದು ಹೇಳುವುದು ವಾಡಿಕೆ. ಆದರೆ ಉಳ್ಳವರ ಮನೆಗಳಲ್ಲಿ ನಡೆಯುವುದಕ್ಕೆ ಯಾವ ಬರವನ್ನು ದೂರೋಣ?

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಆದರೆ ಪೆಟ್ಟು ತಿಂದ ಹೆಂಗಸು ತಾನಾಗಿ ಕಚೇರಿಯ ಮೆಟ್ಟಿಲು ಹತ್ತುವುದು ಅಪರೂಪ. ಅವಳು ಮೊದಲು ಬಾಯಿಬಿಡುವುದು ಊರಿನ ಅಂಗನವಾಡಿಯ ಅಕ್ಕನೆದುರಿಗೋ, ‘ಸಾಂತ್ವನ’ ಕೇಂದ್ರದ ಕಾರ್ಯಕರ್ತೆಯೆದುರಿಗೋ. ಅಲ್ಲಿಂದ ಮುಂದಿನದು ತಾಳ್ಮೆಯ ಕೆಲಸ. ಯಾವ ದಿನ, ಯಾವುದರಿಂದ ಹೊಡೆದ, ಯಾರು ಕಂಡರು ಎಂಬುದನ್ನು ಬರೆದುಕೊಳ್ಳಬೇಕು. ಬಾಸುಂಡೆ ಮಾಸುವ ಮೊದಲೇ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಘಟನೆಯ ವರದಿ ಮ್ಯಾಜಿಸ್ಟ್ರೇಟರ ಕೈ ಸೇರುವಂತೆ ನೋಡಿಕೊಳ್ಳಬೇಕು. ವಕೀಲರ ಫೀಜಿಗೆ ಹೆದರಬೇಕಾಗಿಲ್ಲ: ಆದಾಯವೆಷ್ಟೇ ಇರಲಿ, ಸ್ತ್ರೀಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕುಂಟು. ಮನೆ ಗಂಡನ ಹೆಸರಿನಲ್ಲಿದ್ದರೂ, ಅತ್ತೆಮಾವಂದಿರದಾಗಿದ್ದರೂ, ಕಾನೂನು ಹೇಳಿದ ಕ್ರಮದಿಂದಲ್ಲದೆ ಅವಳನ್ನು ಅಲ್ಲಿಂದ ಹೊರಹಾಕುವಂತಿಲ್ಲ.

ಇಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ‘ಹೊಂದಿಕೊಂಡು ಹೋಗಮ್ಮ’ ಎಂದು ಬುದ್ಧಿ ಹೇಳಿ ಅದೇ ಮನೆಗೆ ಮರಳಿ ಕಳಿಸುವುದೇ ಸಮಾಜಸೇವೆಯೆಂದು ಬಗೆದವರಿದ್ದಾರೆ. 2006ರ ನಿಯಮಗಳು ಹಾಗೆ ಬಗೆಯುವುದಿಲ್ಲ. ಮ್ಯಾಜಿಸ್ಟ್ರೇಟರು ಏರ್ಪಡಿಸಿದ ಆಪ್ತಸಮಾಲೋಚನೆಯಲ್ಲಿ ‘ಸಾರಿಗೆ ಉಪ್ಪಿರಲಿಲ್ಲ, ಅದಕ್ಕೇ ಹೊಡೆದೆ’ ಎಂಬಂಥ ಸಮರ್ಥನೆಗೆ ಎಡೆಯೇ ಇಲ್ಲ. ಇದನ್ನು ಗಂಡನಿಗೆ ಮೊದಲೇ ತಿಳಿಸತಕ್ಕದ್ದು. ಇನ್ನು ಮುಂದೆ ಹಿಂಸೆ ಮಾಡುವುದಿಲ್ಲವೆಂದು ಅವನಿಂದ ಬರೆಯಿಸಿಕೊಳ್ಳಲೂ ಬೇಕು.

ಪಾವಗಡದ ತೊಡಕು ಬೇರೆ ಬಗೆಯದು. ಆ ತಾಲ್ಲೂಕಿನ ಸುತ್ತ ಹೆಚ್ಚುಕಡಮೆ ಎಲ್ಲ ದಿಕ್ಕಿಗೂ ಆಂಧ್ರಪ್ರದೇಶವೇ. ಕೊಟ್ಟು ತಂದ ನೆಂಟಸ್ತನಕ್ಕೆ ಗಡಿಕಲ್ಲು ಅಡ್ಡ ಬಂದೀತೆ? ಮಡಕಶಿರೆಗೋ ಕಲ್ಯಾಣದುರ್ಗಕ್ಕೋ ಕೊಟ್ಟ ಮಗಳು ಗಾಯಗೊಂಡು ತವರಿಗೆ ಬಂದಾಗ, ‘ಕೇಸು ಗಂಡನ ಊರಿನಲ್ಲಿಯೇ ಆಗಬೇಕು’ ಎಂದು ಯಾರಾದರೂ ಹೇಳಿದರೆ ತಾಯಿತಂದೆಗಳ ಕೈಕಾಲು ಸೋಲುತ್ತವೆ. ಅದು ಸರಿಯಲ್ಲ. ತಾತ್ಕಾಲಿಕವಾಗಿಯಾದರೂ ಅವಳು ವಾಸವಾಗಿರುವ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದೆಂದು ಕಾಯಿದೆಯ 27ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಪಾವಗಡದಲ್ಲಿ ಹೊರಟ ಆದೇಶ ಮಡಕಶಿರೆಯಲ್ಲಿಯೂ ನಡೆಯುತ್ತದೆ. ಇಡೀ ಭಾರತದಲ್ಲಿಯೇ ನಡೆಯುತ್ತದೆ. ರಕ್ಷಣೆಯ ಆದೇಶವನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಅತ್ತೆಯ ಮನೆಯ ಟ್ರಂಕಿನಲ್ಲಿ ಉಳಿದುಹೋದ ಒಡವೆ ವಸ್ತ್ರಗಳನ್ನು ಹಿಂದಿರುಗಿಸುವಂತೆಯೂ ಇಲ್ಲಿಂದಲೇ ಆಜ್ಞೆ ಪಡೆಯಬಹುದು.