ಸೈನ್ಯಕ್ಕೆ ಹೊರಟವನ ಹಿಂದೆ ನಿಂತವರು

ಕಡಬದ ಕಡೆಯ ಹಳ್ಳಿಯೊಂದರಲ್ಲಿ ಹುಡುಗನೊಬ್ಬನು ಪರೀಕ್ಷೆ ಮುಗಿಸಿ, ಊಟದ ಹೊತ್ತಿನಲ್ಲಿ ತಲೆ ತಗ್ಗಿಸಿ, “ನಾನು ಸೈನ್ಯಕ್ಕೆ ಸೇರುತ್ತೇನೆ” ಎಂದನೆಂದು ಭಾವಿಸೋಣ. ತಂದೆಗೆ ತೋಟದ ಚಿಂತೆ. ತಾಯಿಗೆ ಪ್ರಾಣದ ಚಿಂತೆ. ಒಡನೆ ಹೊರಡುವ ಪ್ರಶ್ನೆ ಒಂದೇ: “ಇದನ್ನು ನಿನ್ನ ತಲೆಗೆ ತುಂಬಿದವರು ಯಾರು?” ಸಿಟ್ಟಿನಲ್ಲಿ ಕೇಳಿದ ಮಾತಾದರೂ ವಿಚಾರಿಸತಕ್ಕ ಮಾತೇ ಅಹುದು.

ವೀರರ ಚರಿತ್ರೆಗಳೇ ಹುಡುಗರನ್ನು ಎಬ್ಬಿಸುವುವೆಂದು ಲೋಕವು ಹೇಳುತ್ತದೆ. ಎಬ್ಬಿಸಿಯಾವು, ಆದರೆ ಹೊಸಿಲು ದಾಟಿಸುವವನು ಹತ್ತಿರದ ಮನುಷ್ಯನೇ ಎಂದು ನಮ್ಮ ಎಣಿಕೆ.

ಈ ಸೀಮೆಯ ಹಳೆಯ ಸಂಗತಿಯನ್ನೇ ನೋಡಬಹುದು. 1834ರಲ್ಲಿ ಕಂಪೆನಿ ಸರಕಾರವು ಕೊಡಗಿನ ಅರಸನನ್ನು ಪದಚ್ಯುತಗೊಳಿಸಿ, ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಕೂಡಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಯಿತು. ನಾಣ್ಯವನ್ನೇ ಅಪರೂಪವಾಗಿ ಕಾಣುತ್ತಿದ್ದ ರೈತನು ಸಾಹುಕಾರನ ಬಾಗಿಲು ಕಾಯುವಂತಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಮೊದಲಾದವರು ಪುಟ್ಟಬಸಪ್ಪನೆಂಬವನನ್ನು ಅರಸುಮನೆತನದ ಕಲ್ಯಾಣಸ್ವಾಮಿಯೆಂದು ಮುಂದಿಟ್ಟು ದಂಡು ಕಟ್ಟಿದರು. ಮಗನ ಮದುವೆಯ ನೆಪದಲ್ಲಿ ಗೌಡರು ಉಬರಡ್ಕ ಮಿತ್ತೂರಿನ ಮದುವೆಗದ್ದೆಯಲ್ಲಿ ಜನವನ್ನು ನೆರಪಿದರೆಂದು ಪ್ರತೀತಿ. ಬೆಳ್ಳಾರೆಯ ಖಜಾನೆ ಕೈವಶವಾಯಿತು. ದಂಡು ಮಂಗಳೂರನ್ನು ಹೊಕ್ಕು ಬಾವುಟಗುಡ್ಡೆಯಲ್ಲಿ ತನ್ನ ಬಾವುಟವನ್ನು ಏರಿಸಿತು. ಹದಿಮೂರು ದಿನಗಳ ಆ ಆಳಿಕೆಯನ್ನು ಕಂಪೆನಿಯ ಸೈನ್ಯವು ಮುರಿಯಿತು. ಪುಟ್ಟಬಸಪ್ಪನೇ ಮೊದಲಾಗಿ ಹಲವರು ಗಲ್ಲಿಗೇರಿದರು.

ಆ ರೈತರಲ್ಲಿ ಎಷ್ಟು ಮಂದಿ ಅರಸನ ಮುಖವನ್ನು ಕಂಡಿದ್ದರು? ಅವರು ನಂಬಿದುದು ತಮ್ಮಂತೆಯೇ ಗದ್ದೆ ಉತ್ತ ಗೌಡರನ್ನು. “ಕಲ್ಯಾಣಪ್ಪನ ಕಾಟಕಾಯಿ” ಎಂದು ಅದನ್ನು ಹಾಸ್ಯಮಾಡಿದವರೂ ಉಂಟು. ಗಲ್ಲಿಗೇರಿದವರ ಮನೆಯವರು ನಕ್ಕಿರಲಾರರು. ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತುದು 2022ರ ನವೆಂಬರದಲ್ಲಿ.

ಸಂಪಾಜೆಯ ಘಟ್ಟವನ್ನೇರಿದರೆ ಮಡಿಕೇರಿ. ಜನರಲ್ ತಿಮ್ಮಯ್ಯನವರು 1906ರಲ್ಲಿ ಹುಟ್ಟಿದ ಊರು. ಪರಕೀಯರ ಸಮವಸ್ತ್ರವನ್ನು ತೊಟ್ಟಿರುವುದು ಸರಿಯೇ ಎಂಬ ಸಂದೇಹವು ಅವರನ್ನು ಯೌವನದಲ್ಲಿ ಕಾಡಿತು. ಅಲಹಾಬಾದಿನಲ್ಲಿ ಅವರು ಮೋತೀಲಾಲ ನೆಹರೂರವರ ಮುಂದೆ ಅದನ್ನು ತೋಡಿಕೊಂಡಾಗ, ರಾಜೀನಾಮೆ ಬೇಡ, ಸ್ವತಂತ್ರ ಭಾರತಕ್ಕೆ ಬಲ್ಲ ಸೇನಾನಿಗಳು ಬೇಕಾಗುವರು ಎಂಬ ಅಭಿಪ್ರಾಯದ ಬುದ್ಧಿವಾದ ದೊರೆಯಿತು. ಹಿರಿಯರೊಬ್ಬರ ಆ ಮಾತಿಗೆ ಓಗೊಟ್ಟು ಉಳಿದವರು 1957ರಲ್ಲಿ ದೇಶದ ಭೂಸೇನೆಯ ಮುಖ್ಯಸ್ಥರಾದರು. ಅವರ ಅಣ್ಣ ಪೊನ್ನಪ್ಪನವರಾದರೋ ಸುಭಾಷಚಂದ್ರರ ಆಜಾದ್ ಹಿಂದ್ ಫೌಜನ್ನು ಸೇರಿದರು! ಒಂದೇ ಮನೆಯ ಇಬ್ಬರಿಗೆ ದೇಶಸೇವೆಯ ದಾರಿ ಎರಡಾಗಿ ಕಂಡಿತು.

ಈಗ ನಮ್ಮ ಹುಡುಗನ ಬಳಿಗೆ ಬರೋಣ. ಅವನ ತಲೆಗೆ ತುಂಬಿದವರು ಬಹುಶಃ ನೆರೆಮನೆಯ ನಿವೃತ್ತ ಹವಾಲ್ದಾರರು. ಕಬ್ಬಿಣದ ಟ್ರಂಕು, ನೇರ ಬೆನ್ನು, ಹೊತ್ತಿಗೆ ಸರಿಯಾದ ನಡೆ: ಇವೇ ಉಪದೇಶ. ಆದರೆ ಇಂತಹವರ ಮೇಲೆ ಭಾರವಾದ ಹೊಣೆಯೊಂದಿದೆ. ತಾವು ಕಂಡ ದೀರ್ಘಸೇವೆ, ಪಿಂಚಣಿಗಳ ಲೆಕ್ಕವನ್ನೇ ಇಂದಿನ ಹುಡುಗನಿಗೂ ಹೇಳಿದರೆ ತಪ್ಪಾದೀತು. 2022ರಲ್ಲಿ ಬಂದ ಅಗ್ನಿಪಥದ ಏರ್ಪಾಡಿನಲ್ಲಿ ಸೇವೆಯು ನಾಲ್ಕೇ ವರುಷ. ಬಳಿಕ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಉಳಿಸಿಕೊಳ್ಳುವರೆಂದು ವಿಧಿಸಲಾಯಿತು. ಉಳಿದವರು ಒಂದು ಗಂಟು ಹಣದೊಡನೆ, ಪಿಂಚಣಿಯಿಲ್ಲದೆ ಮನೆಗೆ ಮರಳುವರು. ಅನಂತರ ಏನು ಮಾಡುವೆ ಎಂಬುದನ್ನೂ ಹುರಿದುಂಬಿಸುವವನೇ ಕೇಳಬೇಕು.

ಈ ಮಾತು ಗಂಡುಮಕ್ಕಳಿಗೆ ಮಾತ್ರವಲ್ಲ. ಸೇನಾ ಪೊಲೀಸ್ ದಳದ ಮೊದಲ ಮಹಿಳಾ ತಂಡದ 83 ಮಂದಿ 2021ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿಯೇ ತರಬೇತಿ ಮುಗಿಸಿದರು.

ತಾಯಂದಿರಿಗೆ ನಮ್ಮದೊಂದು ಸಲಹೆ. ಹವಾಲ್ದಾರರ ಕಥೆಗಳನ್ನು ಮಗನು ಕೇಳಲಿ. ನೀವು ಅಡುಗೆಮನೆಗೆ ಹೋಗಿ ಅವರ ಮಡದಿಯನ್ನು ಮಾತಾಡಿಸಿರಿ. ಗಂಡನು ಗಡಿಯಲ್ಲಿದ್ದಾಗ ಅತ್ತೆಮಾವಂದಿರ ಆರೈಕೆಯನ್ನೂ ಮಕ್ಕಳ ಜ್ವರವನ್ನೂ ನೋಡಿಕೊಂಡವರು ಅವರು. ಆಟಿಯ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ತಗಲಿದರೆ ಆಳು ಹುಡುಕಿ ಮದ್ದು ಬಿಡಿಸಿದವರೂ ಅವರೇ. ಟ್ರಂಕಿನ ತಳದಲ್ಲಿರುವ ಕಾಗದಗಳಲ್ಲಿ ಗಂಡನು ಏನನ್ನು ಬರೆದಿದ್ದರು, ಏನನ್ನು ಬರೆಯದೆ ಬಿಟ್ಟಿದ್ದರು ಎಂಬುದನ್ನು ಅವರೊಬ್ಬರೇ ಬಲ್ಲರು.