ನಗುವುದು ನಾನೋ, ಮಾತ್ರೆಯೋ?

'ಡಾಕ್ಟ್ರೇ, ಈಗ ನಿದ್ದೆ ಬರುತ್ತೆ, ಊಟ ಸೇರುತ್ತೆ, ಸ್ಕೂಲಿಗೂ ಹೋಗ್ತಿದೀನಿ. ಆದ್ರೆ ಒಂದು ಅನುಮಾನ. ಈಗ ನಗೋದು ನಾನಾ, ನಿಮ್ಮ ಮಾತ್ರೆನಾ? ಅದಕ್ಕೇ ನಿಲ್ಲಿಸಿಬಿಡೋಣ ಅನ್ನಿಸ್ತಿದೆ.'

ಮೂರು ತಿಂಗಳಿಂದ ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿದ್ದ ಶಿಕ್ಷಕಿಯೊಬ್ಬರು ಹೀಗೆ ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಕ್ತದೊತ್ತಡದ ಮಾತ್ರೆ ನುಂಗುವವರು 'ಈ ಬಿ.ಪಿ. ನನ್ನದೇನಾ?' ಎಂದು ಕೇಳುವುದಿಲ್ಲ. ಮನಸ್ಸಿನ ವಿಷಯ ಹಾಗಲ್ಲ. ಮನಸ್ಸೆಂದರೆ ನಾವೇ ಎಂದು ನಂಬಿದವರು ನಾವು.

ಈ ಪ್ರಶ್ನೆ ಹೊಸದಲ್ಲ. 1950ರ ದಶಕದಲ್ಲಿ ಇಪ್ರೋನಿಯಾಜಿಡ್ ಎಂಬ ಔಷಧ ಪಡೆದ ಕ್ಷಯರೋಗಿಗಳಲ್ಲಿ ಕೆಲವರು ಅನಿರೀಕ್ಷಿತವಾಗಿ ಗೆಲುವಾದರು. ಖಿನ್ನತೆ ನಿವಾರಕಗಳ ಕತೆ ಶುರುವಾದದ್ದು ಆಗ. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಲುಯೊಕ್ಸೆಟಿನ್, ಪ್ರೋಜ್ಯಾಕ್ ಎಂಬ ಹೆಸರಿನಲ್ಲಿ ಅಲ್ಲಿ ಮನೆಮಾತಾಯಿತು. ಮಾತ್ರೆ ನಿಲ್ಲಿಸಿದಾಗ 'ನಾನು ನಾನಾಗಿಲ್ಲ' ಎನ್ನುವ ರೋಗಿಗಳ ಬಗ್ಗೆ ಮನೋವೈದ್ಯ ಪೀಟರ್ ಕ್ರೇಮರ್ 1993ರ ತಮ್ಮ ಪುಸ್ತಕದಲ್ಲಿ ಬರೆದರು. ಇನ್ನು ಕೆಲವರ ಅನುಭವ ತದ್ವಿರುದ್ಧ. ದುಃಖದ ಜೊತೆಗೆ ಸಂತೋಷವೂ ಮಂಕಾಯಿತು, ಅಳಬೇಕಾದ ಕಡೆ ಅಳುವೇ ಬರುವುದಿಲ್ಲ ಎನ್ನುತ್ತಾರೆ. ಅದು ಭ್ರಮೆಯಲ್ಲ. ಔಷಧದ ಪ್ರಮಾಣವನ್ನೋ ಔಷಧವನ್ನೋ ಬದಲಿಸಿ ನೋಡಬಹುದು.

'ಮಿದುಳಿನಲ್ಲಿ ಸಿರೊಟೋನಿನ್ ಕಡಿಮೆಯಾಗಿದೆ, ಮಾತ್ರೆ ಅದನ್ನು ತುಂಬುತ್ತದೆ' ಎಂದು ನಾವು ವೈದ್ಯರು ಬಹುಕಾಲ ಹೇಳಿದೆವು. ವಿಷಯ ಅಷ್ಟು ಸರಳವಲ್ಲ. ಸಿರೊಟೋನಿನ್ ಮೇಲೆ ಮಾತ್ರೆಯ ಪರಿಣಾಮ ಕೆಲವೇ ಗಂಟೆಗಳಲ್ಲಿ ಶುರುವಾದರೂ ಮನಸ್ಸು ಹಗುರಾಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು.

ನಾನು ಶಿಕ್ಷಕಿಯನ್ನು ಕೇಳಿದೆ: 'ಕೊನೆಯ ಸಲ ನಕ್ಕಿದ್ದು ಯಾವಾಗಮ್ಮ?'

'ನಿನ್ನೆ. ಒಂದನೇ ಕ್ಲಾಸಿನ ಹುಡುಗ ಚಪ್ಪಲಿ ಅದಲುಬದಲು ಹಾಕ್ಕೊಂಡು ಬಂದಿದ್ದ. ಕೇಳಿದ್ರೆ, ಚಪ್ಪಲಿ ಸರಿಯಾಗಿದೆ ಮಿಸ್, ಕಾಲೇ ಅದಲುಬದಲಾಗಿದೆ ಅಂದ.'

'ಆ ತಮಾಷೆ ಮಾತ್ರೆಗೆ ಅರ್ಥವಾಗಲ್ಲಮ್ಮ. ನಕ್ಕಿದ್ದು ನೀವೇ.'

ಆಕೆಯ ಪ್ರಶ್ನೆಗೆ ಇದೇ ಪೂರ್ಣ ಉತ್ತರವೆಂದು ನಾನು ಹೇಳಲಾರೆ. ಆದರೆ ಖಿನ್ನತೆಯಲ್ಲಿದ್ದಾಗಲೂ ಆ ಹುಡುಗ ಅದೇ ಕ್ಲಾಸಿನಲ್ಲಿದ್ದ. ಅವನ ಮಾತು ಇವರ ಕಿವಿಗೆ ಬಿದ್ದರೂ ಮನಸ್ಸಿಗೆ ತಲುಪುತ್ತಿರಲಿಲ್ಲ, ಅಷ್ಟೆ.

ನೆನಪಿಡಿ: ಇವು ನಿದ್ರೆ ಮಾತ್ರೆಗಳಂತೆ ಚಟ ಹಿಡಿಸುವುದಿಲ್ಲ. ಆದರೂ ದಿಢೀರನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ರಾಭಂಗ ಕಾಣಿಸಬಹುದು, ಕಾಯಿಲೆ ಮರುಕಳಿಸಲೂಬಹುದು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಬಳಿಕ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಬದುಕೇ ಬೇಡವೆನಿಸಿದರೆ ತಡಮಾಡದೆ ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿರಿ. ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416.