ಎತ್ತಿದ್ದಾಯಿತು, ಇಳಿಸುವುದು ಹೇಗೆ?

ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ನಡೆಯುವ ಮುಂಗಾರು ಹಬ್ಬದಲ್ಲಿ ಕಲ್ಲು, ಉಸುಕಿನ ಚೀಲ ಎತ್ತುವ ಪಂದ್ಯಗಳಿರುತ್ತವೆ. ರಾಯಚೂರು ಸೀಮೆಗೆ ಹೊಂದಿಕೊಂಡೇ ಇರುವ ತೆಲಂಗಾಣದ ಗಟ್ಟು ಕಡೆಯವರಿಗೂ ಈ ಆಟ ಅಪರಿಚಿತವಲ್ಲ. ಕಲ್ಲು ಹೆಗಲೇರಿದೊಡನೆ ಚಪ್ಪಾಳೆ! ಅದು ಕೆಳಗೆ ಹೇಗೆ ಬಂತೆಂದು ಯಾರೂ ನೋಡುವುದಿಲ್ಲ.

ಪಂದ್ಯಕ್ಕೆ ಅದು ಸರಿ. ಆದರೆ ನಮ್ಮ ಯುವಕರು ಜಿಮ್ಮಿನಲ್ಲೂ ಹಾಗೆಯೇ ಮಾಡುತ್ತಾರೆ. ಸೊಂಟ ಜಗ್ಗಿ ಡಂಬೆಲ್ ಎತ್ತುವುದು, ಕೈ ಸಡಿಲಬಿಟ್ಟು ಇಳಿಸುವುದು. ಎಣಿಕೆ 20 ಆಗುತ್ತದೆ, ಕೆಲಸ 10ರದ್ದೂ ಆಗಿರುವುದಿಲ್ಲ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಗಾಳಿಗೆ ಗುದ್ದುವವರನ್ನು ನೆನೆದ ಸಂತ ಪೌಲರು ಇವರನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಸ್ನಾಯು ಎತ್ತುವಾಗ ಕುಗ್ಗುತ್ತಾ ದುಡಿಯುತ್ತದೆ, ಇಳಿಸುವಾಗ ಹಿಗ್ಗುತ್ತಾ ಭಾರವನ್ನು ತಡೆಯುತ್ತದೆ. ತಡೆಯುವಾಗಲೇ ಅದರ ಬಲ ಹೆಚ್ಚು. ಎತ್ತಲಾಗದ ಭಾರವನ್ನೂ ಅದು ಮೆಲ್ಲಗೆ ಇಳಿಸಬಲ್ಲದು. ಆದ್ದರಿಂದ ಎತ್ತಲು ಒಂದೆರಡು ಸೆಕೆಂಡು, ಇಳಿಸಲು ಎರಡು ಮೂರು ಸೆಕೆಂಡು ಸಾಕು. ಇನ್ನೂ ನಿಧಾನ ಮಾಡಿದಷ್ಟೂ ಲಾಭವೆಂದು ತಿಳಿಯಬೇಡಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಒಂದು ಸುತ್ತಿಗೆ ಅರ್ಧ ಸೆಕೆಂಡಿನಿಂದ 8 ಸೆಕೆಂಡಿನವರೆಗೆ ತೆಗೆದುಕೊಂಡರೂ ಸ್ನಾಯುವಿನ ಬೆಳವಣಿಗೆ ಹೆಚ್ಚುಕಡಿಮೆ ಒಂದೇ. ಭಾರ ನಮ್ಮ ಹಿಡಿತದಲ್ಲಿರಬೇಕು, ಅಷ್ಟೇ.

ವೇಗವೂ ಒಂದು ವಿದ್ಯೆಯೇ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಆಟದಲ್ಲಿ ಮಿಂಚಿನಂತೆ ಎತ್ತಬೇಕು. ತೀರ್ಪುಗಾರರ ಸನ್ನೆಯಾದ ಮೇಲೆ ಭಾರವನ್ನು ಕೆಳಗೆ ಬಿಡಬಹುದು. ಆದರೆ ಅದು ವರ್ಷಗಟ್ಟಲೆ ಗುರುಮುಖೇನ ಕಲಿತವರ ಮಾತು.

ನನಗೆ ಹೆಚ್ಚು ಚಿಂತೆ ನಮ್ಮ ಹಿರಿಯರದು. ಬಲಿಪೂಜೆಯಲ್ಲಿ ಕೂರುವುದು, ಏಳುವುದು, ಮೊಣಕಾಲೂರುವುದು ಎಷ್ಟು ಸಲ! ಪೀಠದ ಬಳಿಯಿಂದ ನೋಡಿದರೆ ಕಾಣುತ್ತದೆ: ಏಳುವಾಗ ಮುಂದಿನ ಬೆಂಚು ಹಿಡಿಯುತ್ತಾರೆ, ಕೂರುವಾಗ ಧೊಪ್ಪೆಂದು ಬೀಳುತ್ತಾರೆ. ತೊಡೆಗೆ ತಡೆಯುವ ಶಕ್ತಿ ಇಳಿದಿದೆ ಎಂದರ್ಥ. ಮನೆಯಲ್ಲಿ, ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಅಭ್ಯಾಸ ಮಾಡಿ. ಉಸಿರು ಬಿಡುತ್ತಾ ಚುರುಕಾಗಿ ಏಳಿ. ಮೂರು ಎಣಿಸುತ್ತಾ ಮೆಲ್ಲಗೆ ಕೂರಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ, ಅದು ಬೇಡ. ಮೊದಲ ವಾರ ಐದಾರು ಸಲ ಸಾಕು. ಎರಡು ದಿನ ತೊಡೆ ನೋಯಬಹುದು, ಹೆದರಬೇಡಿ. ಆದರೆ ಕೀಲಿನಲ್ಲಿ ಚುಚ್ಚಿದಂತಾದರೆ ನಿಲ್ಲಿಸಿ ವೈದ್ಯರನ್ನು ಕೇಳಿ. ಮೊಣಕಾಲಿನ ಶಸ್ತ್ರಚಿಕಿತ್ಸೆ ಆದವರು ಮೊದಲೇ ಕೇಳಿ.

ಭಾನುವಾರ ಮುಂದಿನ ಬೆಂಚನ್ನು ಹಿಡಿದುಕೊಂಡರೂ ಅಡ್ಡಿಯಿಲ್ಲ. ಕೂರುವಾಗಲೂ ಹಿಡಿಯಿರಿ.